ಬೀಗ ಹಾಕಿದ ಕಪಾಟು

ಮಗಳ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅತ್ತೆಯವರು ಜಾನಮಾಝಿನ ಮೇಲೆ ಕುಳಿತೇ ಇದ್ದರು. ನನ್ನ ಯಜಮಾನರು ಆಗಷ್ಟೇ ಅಂಗಡಿಯಿಂದ ಬಂದು ಕೈಕಾಲು ತೊಳೆದಿದ್ದರು. ಗದಗಿನಿಂದ ಅವರ ಅಣ್ಣನೂ ಬಂದಿದ್ದರು. ಮಗಳು ಎಲ್ಲರಿಗೂ ಚಹಾ ಕೊಟ್ಟು, ಬಾಗಿಲ ಬಳಿ ನಿಂತಳು. ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು. ಅವಳ ಮುಖದಲ್ಲಿ ಸಂತೋಷವೂ ಇತ್ತು, ಮುಂದೇನು ಎಂಬ ಅಂಜಿಕೆಯೂ ಇತ್ತು.

ಭಾವ ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಹೇಳಿದರು: "ಹುಡುಗಿ ಚಲೋ ಓದ್ಯಾಳ, ಇಲ್ಲ ಅನ್ನಂಗಿಲ್ಲ. ಆದ್ರ ಇಂಜಿನಿಯರಿಂಗ್ ಅಂತ ಯಾಕ ತಲಿ ಕೆಡಿಸ್ಕೋತೀರಿ? ಬಿಎ ಮಾಡ್ಲಿ ಬಿಡ್ರಿ. ಬಿಎಗೆ ಲ್ಯಾಬ್ ಬೇಕಾಗಿಲ್ಲ, ದಿನಾ ಕಾಲೇಜಿಗೆ ಹೋಗಾದೂ ಬೇಕಾಗಿಲ್ಲ. ಮನ್ಯಾಗ ಕುಂತು ಓದಬಹುದು."

ಮನೆಯಲ್ಲಿ ನಾವಾಡುವುದು ದಖ್ಖನಿ ಉರ್ದು. ಅವರ ಮಾತನ್ನು ಊರ ಕನ್ನಡದಲ್ಲಿ ಬರೆದಿದ್ದೇನೆ, ಅಷ್ಟೆ. ಆದರೆ ಯಾವ ಭಾಷೆಯಲ್ಲಿ ಹೇಳಿದರೂ ಆ ಮಾತು ನನಗೆ ಹೊಸದಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಇದೇ ಮಾತನ್ನು ನನ್ನ ಬಗ್ಗೆ ಹೇಳಲಾಗಿತ್ತು. ಭಾವ ಕೆಟ್ಟವರಲ್ಲ. ಅಂದು ಹೇಳಿದವರೂ ಕೆಟ್ಟವರಾಗಿರಲಿಲ್ಲ. ನಮ್ಮ ಒಳಿತನ್ನು ಬಯಸುವವರ ಬಾಯಿಂದಲೇ ಈ ಮಾತು ಬರುತ್ತದೆ. ಎದುರು ಮಾತನಾಡಲು ಕಷ್ಟವಾಗುವುದು ಅದಕ್ಕೇ.

ನಾನು ಹೈಸ್ಕೂಲಿನಲ್ಲಿ ಓದುವಾಗ ನಮ್ಮದು ಇನ್ನೂ ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಗಾಜಿನ ಬಾಗಿಲಿನ ಕಪಾಟು ಇತ್ತು. ಅದರೊಳಗೆ ಪ್ರನಾಳಗಳು, ಒಂದು ತಕ್ಕಡಿ, ಎರಡು ಅಯಸ್ಕಾಂತ, ಒಂದು ಸೂಕ್ಷ್ಮದರ್ಶಕ. ಕಪಾಟಿಗೆ ಸದಾ ಬೀಗ. ಕೀಲಿಕೈ ಎಲ್ಲಿದೆಯೆಂದು ಕೇಳಿದರೆ ಸರ್ ಹೇಳುತ್ತಿದ್ದರು: "ಏನಾದ್ರೂ ಒಡೀತು ಅಂದ್ರ ಲೆಕ್ಕ ಕೊಡೋದು ನಾನವ್ವ!" ಸೂಕ್ಷ್ಮದರ್ಶಕದ ಚಿತ್ರವನ್ನು ನಾನು ನೋಟುಬುಕ್ಕಿನಲ್ಲಿ ಬಹಳ ಚೆಂದ ಬಿಡಿಸುತ್ತಿದ್ದೆ. ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ಪಡೆಯುತ್ತಿದ್ದೆ. ಆದರೆ ಅದರ ಕಣ್ಣಿಗೆ ನನ್ನ ಕಣ್ಣನ್ನು ಒಮ್ಮೆಯೂ ಹಚ್ಚಲಿಲ್ಲ. ಈರುಳ್ಳಿ ಸಿಪ್ಪೆಯ ಜೀವಕೋಶ ಹೇಗಿರುತ್ತದೆಂದು ಪರೀಕ್ಷೆಯಲ್ಲಿ ಬರೆದೆ, ದಿನಾ ಮನೆಯಲ್ಲಿ ಈರುಳ್ಳಿ ಹೆಚ್ಚಿದೆ. ಅವೆರಡೂ ಒಂದೇ ಈರುಳ್ಳಿ ಎಂಬುದು ನನ್ನ ಮನಸ್ಸಿಗೆ ಬರಲೇ ಇಲ್ಲ.

ಎಸ್ಸೆಸ್ಸೆಲ್ಸಿ ಮುಗಿದಾಗ ವಿಜ್ಞಾನ ಓದಬೇಕೆಂಬ ಆಸೆ ಇತ್ತು. ಅದಕ್ಕೆ ದಿನಾ ಕೊಪ್ಪಳಕ್ಕೆ ಹೋಗಿ ಬರಬೇಕು. ಅಬ್ಬಾ ಒಪ್ಪಲಿಲ್ಲ. ನನ್ನನ್ನು ಹೆಣ್ಣುಮಕ್ಕಳ ಮದ್ರಸಕ್ಕೆ ಸೇರಿಸಿದರು. ಅದಕ್ಕಾಗಿ ನಾನಿಂದು ದುಃಖಪಡುವುದಿಲ್ಲ. ಅಲ್ಲಿ ಕಲಿತದ್ದು ನನ್ನ ಬದುಕಿನ ಆಸ್ತಿ. ಆಮೇಲೆ ಮದುವೆಯಾಗಿ, ಎರಡು ಮಕ್ಕಳಾದ ಮೇಲೆ, ಅಂಚೆಯ ಮೂಲಕ ಬಿಎ ಮುಗಿಸಿದೆ. ಇತಿಹಾಸ, ಸಮಾಜಶಾಸ್ತ್ರ, ಉರ್ದು. ಜನ ಕೇಳಿದಾಗ ಇತಿಹಾಸವೆಂದರೆ ಇಷ್ಟ ಎನ್ನುತ್ತಿದ್ದೆ. ಇಂದು ಈ ಪುಟದಲ್ಲಿ ಸತ್ಯ ಹೇಳುತ್ತೇನೆ. ನಾನು ಬಿಎ ಮಾಡಿದ್ದು ಬಿಎಗೆ ಪ್ರಯೋಗಾಲಯ ಬೇಕಿಲ್ಲ ಎಂಬ ಒಂದೇ ಕಾರಣಕ್ಕೆ.

ಮದ್ರಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪಾಠ ಮೀರಾಸಿನದು, ಅಂದರೆ ಆಸ್ತಿ ಹಂಚಿಕೆಯ ಲೆಕ್ಕ. ಒಬ್ಬಾತ ಹೆಂಡತಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡರೆ ಆಸ್ತಿಯನ್ನು 24 ಪಾಲು ಮಾಡಬೇಕು. ಹೆಂಡತಿಗೆ ಎಂಟನೇ ಒಂದು ಭಾಗವೆಂದರೆ 3, ಉಳಿದ 21ರಲ್ಲಿ ಮಗನಿಗೆ 14, ಮಗಳಿಗೆ 7. ಇಂತಹ ಲೆಕ್ಕಗಳನ್ನು ನಾನು ಸಹಪಾಠಿಗಳಿಗಿಂತ ಬೇಗ ಬಿಡಿಸುತ್ತಿದ್ದೆ. ಬಹಳ ವರ್ಷಗಳ ನಂತರ ಒಂದು ಸಂಗತಿ ಓದಿ ಬೆರಗಾದೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಬರೆದ 'ಅಲ್ ಜಬ್ರ್' ಗ್ರಂಥದಿಂದಲೇ ಬೀಜಗಣಿತಕ್ಕೆ ಆಲ್ಜೀಬ್ರಾ ಎಂಬ ಹೆಸರು ಬಂತು. ಆ ಗ್ರಂಥದ ಒಂದು ದೊಡ್ಡ ಭಾಗ ವಸಿಯ್ಯತ್ ಮತ್ತು ಮೀರಾಸಿನ ಲೆಕ್ಕಗಳಿಗೇ ಮೀಸಲಾಗಿದೆ. ಇಂದು ಕಂಪ್ಯೂಟರ್ ಕಲಿಯುವ ಮಕ್ಕಳ ಬಾಯಲ್ಲಿರುವ ಅಲ್ಗಾರಿದಮ್ ಎಂಬ ಪದ ಬಂದದ್ದೂ ಅವರ ಹೆಸರಿನಿಂದಲೇ. ನನ್ನ ಮದ್ರಸದ ಪಾಠಕ್ಕೂ ನನ್ನ ಮಗಳು ಓದಬಯಸುವ ಕಂಪ್ಯೂಟರ್ ವಿಜ್ಞಾನಕ್ಕೂ ನಡುವೆ ಗೋಡೆಯಿಲ್ಲ. ಗೋಡೆ ಕಟ್ಟಿದವರು ನಾವು.

ಹಳೆಯ ವೈಭವ ಹೇಳಿಕೊಂಡು ಕೂರುವುದು ಸುಲಭ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಅಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಬೇರೆಯೇ ಪ್ರಶ್ನೆ ಕಾಡಿತು. ಇಂದು ನಮ್ಮ ದೇಶದ ವಿಜ್ಞಾನ ಹೇಗಿದೆ? ಅದರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ಪಾಲೆಷ್ಟು? ಮೀರಾಸಿನ ಲೆಕ್ಕ ಹಾಕುವ ನನಗೆ ಈ ಪಾಲಿನ ಲೆಕ್ಕ ಗೊತ್ತಿರಲಿಲ್ಲ. ಮರುದಿನದಿಂದ ಓದತೊಡಗಿದೆ, ಗೊತ್ತಿದ್ದವರನ್ನು ಕೇಳತೊಡಗಿದೆ. ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಹೆಮ್ಮೆಯ ಮಾತು. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟಿ ನಾಲ್ಕು ನಿಮಿಷವಾಗಿತ್ತು. ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಆ ಭಾಗದಲ್ಲಿ ಇಳಿದ ಮೊದಲ ದೇಶ ನಮ್ಮದು. ಚಂದ್ರನ ಮೇಲೆ ಮೆಲ್ಲಗೆ ನೌಕೆ ಇಳಿಸಿದ ದೇಶಗಳಲ್ಲಿ ನಾಲ್ಕನೆಯದು. ನಮ್ಮ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ಟಿವಿ ಹಚ್ಚಿದ್ದರು. ಅತ್ತೆಯವರು "ಮಾಷಾ ಅಲ್ಲಾಹ್" ಎಂದು ಕಣ್ಣೊರೆಸಿಕೊಂಡರು. ಇದಕ್ಕೆಲ್ಲ ಬುನಾದಿ ಹಾಕಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಹಾರಿತು. ಆಗ ನಮ್ಮಲ್ಲಿ ಅಂತಹ ರಾಕೆಟ್ ಇರಲಿಲ್ಲ. ಐದು ವರ್ಷಗಳ ನಂತರ, 1980ರ ಜುಲೈ 18ರಂದು ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ಆ ಯೋಜನೆಯ ಮುಖ್ಯಸ್ಥರು ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ.

ಕಲಾಂ ಅವರ ಹೆಸರು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನಿಗಾರ್ ಶಾಜಿ ಅವರ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು? 2023ರ ಸೆಪ್ಟೆಂಬರ್ 2ರಂದು ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ ಎಲ್-1 ಯೋಜನೆಯ ನಿರ್ದೇಶಕಿ ಅವರು. ನೌಕೆ ಸುಮಾರು 15 ಲಕ್ಷ ಕಿಲೋಮೀಟರ್ ಸಾಗಿ 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ನಿಗಾರ್ ಅವರು ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನವರು. ಓದಿದ್ದು ತಿರುನೆಲ್ವೇಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1987ರಲ್ಲಿ ಇಸ್ರೋ ಸೇರಿದರು. ಒಬ್ಬ ಮುಸ್ಲಿಂ ಹೆಣ್ಣುಮಗಳು, ಸಣ್ಣ ಊರು, ಸರ್ಕಾರಿ ಕಾಲೇಜು. ಈ ಮೂರನ್ನೂ ನಾನು ಮಗಳ ಎದುರು ಎರಡೆರಡು ಸಲ ಹೇಳಿದೆ.

ಇನ್ನು ಹೆಮ್ಮೆಯ ಹಿಂದಿರುವ ಲೆಕ್ಕ. ದೇಶದ ಒಟ್ಟು ಉತ್ಪನ್ನವನ್ನು ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಸಂಶೋಧನೆಗಾಗಿ ಸರ್ಕಾರ, ಕಂಪನಿಗಳು, ವಿಶ್ವವಿದ್ಯಾಲಯಗಳು ಎಲ್ಲ ಸೇರಿ ಅದರಲ್ಲಿ ಖರ್ಚು ಮಾಡಿದ್ದು 2020-21ರ ಸರ್ಕಾರಿ ಅಂಕಿಅಂಶಗಳ ಪ್ರಕಾರ 64 ಪೈಸೆ. ಮೊತ್ತವಾಗಿ ನೋಡಿದರೆ ಸಣ್ಣದೇನಲ್ಲ. 2010-11ರಲ್ಲಿ ಸುಮಾರು 60 ಸಾವಿರ ಕೋಟಿ ಇದ್ದದ್ದು ಹತ್ತು ವರ್ಷಗಳಲ್ಲಿ 1 ಲಕ್ಷ 27 ಸಾವಿರ ಕೋಟಿಯಾಯಿತು. ಆದರೆ ಮನೆಯ ಸಂಪಾದನೆ ಬೆಳೆದಷ್ಟು ಮಕ್ಕಳ ಪುಸ್ತಕದ ಖರ್ಚು ಬೆಳೆಯದಿದ್ದರೆ ಅದನ್ನು ಬೆಳವಣಿಗೆ ಎನ್ನಬಹುದೇ? ಅದೇ ನೂರು ರೂಪಾಯಿಯಲ್ಲಿ ಚೀನಾ ಎರಡೂವರೆ ರೂಪಾಯಿಯ ಆಸುಪಾಸು, ಅಮೆರಿಕ ಮೂರೂವರೆಯ ಹತ್ತಿರ, ದಕ್ಷಿಣ ಕೊರಿಯಾ ಐದರ ಹತ್ತಿರ ಖರ್ಚು ಮಾಡುತ್ತವೆ. ಅರವತ್ತು ವರ್ಷಗಳ ಹಿಂದೆ ಕೊರಿಯಾ ನಮ್ಮ ಹಾಗೆಯೇ ಬಡ ದೇಶವಾಗಿತ್ತು. ಅಲ್ಲಿ ಕಂಪನಿಗಳೇ ಹೆಚ್ಚಿನ ಹಣ ಹಾಕುತ್ತವೆ. ನಮ್ಮಲ್ಲಿ ಖಾಸಗಿಯವರ ಪಾಲು ನೂರಕ್ಕೆ ಮೂವತ್ತಾರರಷ್ಟು ಮಾತ್ರ. ಉಳಿದದ್ದರ ಹೆಚ್ಚಿನ ಭಾರ ಸರ್ಕಾರದ ಮೇಲೆ.

ಜನರ ಲೆಕ್ಕ ಇನ್ನೂ ಮನಮುಟ್ಟುವಂಥದ್ದು. ನಮ್ಮ ದೇಶದಲ್ಲಿ ಹತ್ತು ಲಕ್ಷ ಜನರಿಗೆ ಸುಮಾರು 260 ಸಂಶೋಧಕರಿದ್ದಾರೆ. 2011ರ ಜನಗಣತಿಯಂತೆ ನಮ್ಮ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ 90 ಸಾವಿರ. ದೇಶದ ಸರಾಸರಿಯಂತೆ ನಮ್ಮ ಜಿಲ್ಲೆಯಷ್ಟು ಜನರಿರುವಲ್ಲಿ 360 ಸಂಶೋಧಕರು ಇರಬೇಕು. ಕೊರಿಯಾದಲ್ಲಿ ಇಷ್ಟೇ ಜನರಿರುವಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಸಂಶೋಧಕರಿರುತ್ತಾರೆ. ನಮ್ಮ 360ರಲ್ಲಿ ಹೆಂಗಸರು ಎಷ್ಟು ಗೊತ್ತೇ? ನೂರಕ್ಕೆ ಹತ್ತೊಂಬತ್ತಕ್ಕಿಂತ ಕಡಿಮೆ, ಅಂದರೆ ಎಪ್ಪತ್ತು ಕೂಡ ಇಲ್ಲ. ಆಶ್ಚರ್ಯವೆಂದರೆ ವಿಜ್ಞಾನ ಮತ್ತು ತಂತ್ರಜ್ಞಾನದ ಪದವಿ ತರಗತಿಗಳಲ್ಲಿ ನಮ್ಮ ದೇಶದ ಹುಡುಗಿಯರು ನೂರಕ್ಕೆ ನಲವತ್ತಕ್ಕೂ ಹೆಚ್ಚು. ಇದು ಅನೇಕ ಶ್ರೀಮಂತ ದೇಶಗಳಿಗಿಂತ ಹೆಚ್ಚು. ಕಾಲೇಜಿನಲ್ಲಿದ್ದ ಆ ಹುಡುಗಿಯರು ಪ್ರಯೋಗಾಲಯಕ್ಕೆ ಬರುವ ಹೊತ್ತಿಗೆ ಎಲ್ಲಿ ಹೋದರು? ಸಹೋದರಿಯರೇ, ಆ ಉತ್ತರ ಸರ್ಕಾರದ ಕಡತದಲ್ಲಿ ಹುಡುಕಬೇಕಿಲ್ಲ. ಅದು ನಮ್ಮ ಅಡುಗೆಮನೆಗಳಲ್ಲಿದೆ, ನಮ್ಮ ಮದುವೆಯ ಮಾತುಕತೆಗಳಲ್ಲಿದೆ.

ನಮ್ಮ ತಳಕಲ್ ಬಗ್ಗೆ ನಿಮಗೆ ಹೆಚ್ಚು ಗೊತ್ತಿರಲಾರದು. ಮೊದಲು ಯಲಬುರ್ಗಾ ತಾಲೂಕಿಗೆ ಸೇರಿದ್ದ, ಈಗ ಕುಕನೂರು ತಾಲೂಕಿನಲ್ಲಿರುವ ಎರೆ ನೆಲದ ಊರು. ಜೋಳ, ಕಡಲೆ ಬೆಳೆಯುವ ಹೊಲಗಳು. ಗದಗ–ವಾಡಿ ಹೊಸ ರೈಲು ಮಾರ್ಗ ಕವಲೊಡೆಯುವುದು ಇಲ್ಲಿಂದಲೇ. ಆ ಮಾರ್ಗದಲ್ಲಿ ಕುಷ್ಟಗಿಯವರೆಗೆ 2025ರಲ್ಲಿ ರೈಲು ಓಡತೊಡಗಿತು. ಊರಿನಲ್ಲಿ ಈಗ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಪಕ್ಕದ ಭಾನಾಪುರದಲ್ಲಿ ಆಟಿಕೆಗಳ ಕ್ಲಸ್ಟರ್ ಇದೆ. 2021ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಸುಮಾರು 400 ಎಕರೆಯ ಯೋಜನೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಾರೆ. ತಯಾರಾದ ಆಟಿಕೆಗಳು ವಿದೇಶಗಳಿಗೂ ಹೋಗುತ್ತವೆ.

ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಹೋಗುತ್ತಾಳೆ. ಗಂಡ ತೀರಿಕೊಂಡ ಮೇಲೆ ಆ ಸಂಬಳದಿಂದಲೇ ಮನೆ ನಡೆಯುತ್ತಿದೆ. ಮೊದಲು ಬಿಸಿಲಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು ಈಗ ನೆರಳಿನಲ್ಲಿ ದುಡಿಯುತ್ತಾಳೆ. ಹಲಾಲಾದ ದುಡಿಮೆ, ಗೌರವದ ದುಡಿಮೆ. ಒಂದು ದಿನ ಅವಳನ್ನು ಕೇಳಿದೆ, "ದಿನಾ ಇಷ್ಟು ಜೋಡಸ್ತೀಯಲ್ಲ, ಇದು ಹೆಂಗ ಕೆಲಸ ಮಾಡ್ತದ ಅಂತ ಗೊತ್ತೇನ?" ಅವಳು ನಕ್ಕು ಹೇಳಿದಳು: "ಅದನ್ನ ನಮ್ಮನ್ನ ಯಾರೂ ಕೇಳಂಗಿಲ್ಲ ಆಪಾ. ಎಷ್ಟು ಆತು ಅಂತ ಅಷ್ಟ ಕೇಳ್ತಾರ."

ಅವಳ ಮಾತು ಅವಳೊಬ್ಬಳದ್ದಲ್ಲ, ಇಡೀ ದೇಶದ್ದು ಎನಿಸಿತು. ನಮ್ಮ ಕೈಯಲ್ಲಿರುವ ಮೊಬೈಲುಗಳನ್ನೇ ನೋಡಿ. ಹತ್ತು ಹನ್ನೆರಡು ವರ್ಷಗಳ ಹಿಂದೆ ಹೆಚ್ಚಿನವು ಹೊರದೇಶದಿಂದ ಬರುತ್ತಿದ್ದವು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೊಬೈಲ್ ತಯಾರಿಸುವ ದೇಶಗಳಲ್ಲಿ ನಾವು ಎರಡನೆಯವರು. ನಮ್ಮ ದೇವನಹಳ್ಳಿಯಲ್ಲೂ ದೊಡ್ಡ ಕಾರ್ಖಾನೆ ಬಂದಿದೆ. ಇದು ನಿಜವಾದ ಸಾಧನೆ. ಆದರೆ ಒಳಗಿನ ಚಿಪ್ಪು, ಪರದೆ ಮುಂತಾದ ಬೆಲೆಬಾಳುವ ಭಾಗಗಳು ಇಂದಿಗೂ ಬಹುಮಟ್ಟಿಗೆ ಹೊರಗಿನಿಂದ ಬರುತ್ತವೆ. ಒಂದು ವಸ್ತುವನ್ನು ಕಲ್ಪಿಸಿ, ಕಾಗದದ ಮೇಲೆ ಬರೆದು, ಹತ್ತು ಸಲ ಕೆಡಿಸಿ ಹನ್ನೊಂದನೇ ಸಲ ಸರಿಮಾಡುವವರಿಗೆ ಲಾಭದ ದೊಡ್ಡ ಪಾಲು. ಜೋಡಿಸುವವರಿಗೆ ಸಣ್ಣ ಪಾಲು. ನಾವು ಜೋಡಿಸಲು ಕಲಿತಿದ್ದೇವೆ. ಕಲ್ಪಿಸಲು ಕಲಿಯಬೇಕಾದರೆ ಕೆಡಿಸುವ ಸ್ವಾತಂತ್ರ್ಯ ಬೇಕು. ಒಡೆದರೆ ಲೆಕ್ಕ ಕೊಡಬೇಕು ಎಂದು ಕಪಾಟಿಗೆ ಬೀಗ ಹಾಕಿದ ಶಾಲೆಯಲ್ಲಿ ಅದು ಹೇಗೆ ಬಂದೀತು?

ವಿಜ್ಞಾನವೆಂದರೆ ಚಂದ್ರನ ಮೇಲೆ ಇಳಿಯುವುದು ಮಾತ್ರ ಅಲ್ಲ ಎಂಬುದನ್ನು ನಮ್ಮ ಜಿಲ್ಲೆಗೆ 2024ರ ಆಗಸ್ಟ್ 10ರ ರಾತ್ರಿ ಕಲಿಸಿತು. ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದಾಟಿದ ಅಣೆಕಟ್ಟು ಅದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕಣ್ಣೆದುರೇ ಬೆಳೆಯ ನೀರು ಹೊಳೆಗೆ ಹರಿಯಿತು. ನನ್ನ ತಂಗಿಯ ಮನೆ ಗಂಗಾವತಿ ಕಡೆ. ಭತ್ತದ ನಾಟಿ ಮಾಡಿ ಕುಳಿತಿದ್ದರು. "ಆಪಾ, ದುಆ ಮಾಡ್ರಿ" ಎಂದು ಆ ವಾರವೆಲ್ಲ ಫೋನು ಮಾಡಿದಳು.

ಗೇಟುಗಳ ತಜ್ಞರೆಂದು ಹೆಸರಾದ, ನಿವೃತ್ತರಾಗಿದ್ದ ಹಿರಿಯ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಹರಿಯುವ ನೀರಿನಲ್ಲೇ ದೊಡ್ಡ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯುವ ಯೋಜನೆ ಅವರದು. ಕಾರ್ಮಿಕರು ಜೀವದ ಹಂಗು ತೊರೆದು ದುಡಿದರು. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ಅಲ್‌ಹಮ್ದುಲಿಲ್ಲಾಹ್, ಆ ಬೆಳೆ ಉಳಿಯಿತು. ಎಲ್ಲ ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ರೈತರ ಮನೆಗಳಿಗೆ ಅದೂ ಪೆಟ್ಟೇ.

ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ಅಣೆಕಟ್ಟಿನ ಪಕ್ಕದಲ್ಲೇ, ಹೊಸಪೇಟೆಯಲ್ಲಿ, ಅಣೆಕಟ್ಟುಗಳಿಗೆ ಗೇಟು ತಯಾರಿಸುವ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. ನಷ್ಟದಲ್ಲಿದೆಯೆಂದು 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳ ಬೆಲೆ ಕಟ್ಟುತ್ತಾರೆ. ಅಲ್ಲಿ ದುಡಿದವರ ತಲೆಯಲ್ಲಿದ್ದ ಇಲ್ಮಿಗೆ ಬೆಲೆ ಕಟ್ಟುವವರು ಯಾರು? ಸಂಕಟದ ರಾತ್ರಿ ಬಂದಾಗ ಇಡೀ ರಾಜ್ಯ ಒಬ್ಬ ವಯೋವೃದ್ಧರ ಅನುಭವದ ಕಡೆ ನೋಡಬೇಕಾಯಿತು. ಅಂತಹ ನೂರು ಮಂದಿ ತರುಣರು, ತರುಣಿಯರು ಅವರ ಬೆನ್ನ ಹಿಂದೆ ತಯಾರಾಗಿ ನಿಂತಿರಬೇಕಿತ್ತು. ಹೊಸದನ್ನು ಕಟ್ಟುವುದಕ್ಕೆ ನಾವು ಹಾರ ಹಾಕುತ್ತೇವೆ. ಇದ್ದದ್ದನ್ನು ಪರೀಕ್ಷಿಸುವುದು, ಎಣ್ಣೆ ಹಾಕುವುದು, ಸವೆದ ಕೊಂಡಿಯನ್ನು ಮುರಿಯುವ ಮೊದಲೇ ಬದಲಿಸುವುದು ಕೂಡ ವಿಜ್ಞಾನ. ಮನೆ ನಡೆಸುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ದೇಶದಲ್ಲಿ ಏನೂ ಆಗುತ್ತಿಲ್ಲವೇ? ಆಗುತ್ತಿದೆ. ಹೊಸ ಶೋಧಗಳ ಜಾಗತಿಕ ಸೂಚ್ಯಂಕದಲ್ಲಿ 2015ರಲ್ಲಿ 81ನೆಯ ಸ್ಥಾನದಲ್ಲಿದ್ದ ಭಾರತ 2025ರಲ್ಲಿ 38ಕ್ಕೆ ಏರಿತು. 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಮಾಡಿತು. ಐದು ವರ್ಷಗಳಲ್ಲಿ 50 ಸಾವಿರ ಕೋಟಿ ರೂಪಾಯಿಯ ಗುರಿ. ಅದರಲ್ಲಿ ಹೆಚ್ಚಿನದು ಖಾಸಗಿಯವರಿಂದ ಬರಬೇಕೆಂಬ ಲೆಕ್ಕಾಚಾರ. ದೊಡ್ಡ ಸಂಸ್ಥೆಗಳ ಜೊತೆಗೆ ರಾಜ್ಯಗಳ ವಿಶ್ವವಿದ್ಯಾಲಯಗಳಿಗೂ ಹಣ ತಲುಪಬೇಕೆಂಬುದು ಅದರ ಉದ್ದೇಶ. ತಲುಪಿದರೆ ನಮ್ಮಂತಹ ಜಿಲ್ಲೆಗಳ ಮಕ್ಕಳಿಗೆ ಅನುಕೂಲ. ಇನ್ನೊಂದು ಕಡೆ, ಅಲ್ಪಸಂಖ್ಯಾತ ಸಮುದಾಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು 2022ರಲ್ಲಿ ನಿಲ್ಲಿಸಲಾಯಿತು. ಬೇರೆ ಯೋಜನೆಗಳಿವೆ ಎಂಬುದು ಸರ್ಕಾರ ಕೊಟ್ಟ ಕಾರಣ. ಮನೆಯಿಂದ ಹಣ ತರಲಾಗದ ಹುಡುಗಿಗೆ ಒಂದು ಬಾಗಿಲು ಮುಚ್ಚಿದ್ದಂತೂ ನಿಜ.

ಹಳ್ಳಿಯ ಮಕ್ಕಳಿಗೆ ಮತ್ತೊಂದು ತೊಡಕು ಭಾಷೆಯದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ವಿಜ್ಞಾನ ಓದಿದ ಮಗು ಪಿಯುಸಿಗೆ ಹೋದ ಕೂಡಲೇ ಎಲ್ಲವೂ ಇಂಗ್ಲಿಷ್. ನನ್ನ ಮಗಳು ಮೊದಲ ಮೂರು ತಿಂಗಳು ದಿನಾ ಅಳುತ್ತಿದ್ದಳು. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನಾವಿಬ್ಬರೂ ರಾತ್ರಿ ಕುಳಿತು ಒಂದು ನೋಟುಬುಕ್ಕಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಹೆಸರುಗಳನ್ನು ಬರೆಯುತ್ತಾ ಹೋದೆವು. ವೇಗೋತ್ಕರ್ಷಕ್ಕೆ ಉರ್ದುವಿನಲ್ಲಿ ಇಸ್ರಾಅ್ ಎನ್ನುತ್ತಾರೆಂದು ನಾನು ಹೇಳಿದರೆ ಅವಳು ಅದರ ಸೂತ್ರ ನನಗೆ ಹೇಳಿಕೊಡುತ್ತಿದ್ದಳು. ನಲವತ್ತು ದಾಟಿದ ಮೇಲೆ ನಾನು ಭೌತವಿಜ್ಞಾನ ಕಲಿತದ್ದು ಹೀಗೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದಂತಹ ಪತ್ರಿಕೆಗಳು ನಮ್ಮ ಶಾಲೆಗಳಿಗೆ ಎಷ್ಟು ಬೇಕೆಂದು ಆಗ ಅರಿವಾಯಿತು.

ನಮ್ಮ ತಾಯಂದಿರಿಗೆ ಗೊತ್ತಿರಬೇಕಾದ ಎರಡು ಉಪಯುಕ್ತ ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿನವರಿಗೆ ನೂರಕ್ಕೆ 70 ಸೀಟುಗಳು, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟುಗಳು ಮೀಸಲು. ಅದಕ್ಕೆ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ವೃತ್ತಿಪರ ಕೋರ್ಸುಗಳಿಗೆ ಸಿಇಟಿ ಮೂಲಕ ಸೀಟು ಪಡೆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ಕಾಗದಪತ್ರ ತಡವಾಯಿತೆಂದು ಸೀಟು ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಹೆಣ್ಣು ಮತ್ತು ವಿಜ್ಞಾನದ ಮಾತು ಬಂದಾಗ ನನಗೆ ಇಬ್ಬರು ನೆನಪಾಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. 1933ರಲ್ಲಿ ಕಮಲಾ ಸೊಹೊನಿ ಅಲ್ಲಿ ಸಂಶೋಧನೆ ಮಾಡಲು ಬಂದಾಗ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲಾಯಿತು. ಆಕೆ ಬಿಡಲಿಲ್ಲ. ಕೊನೆಗೆ ಷರತ್ತುಗಳೊಂದಿಗೆ ಪ್ರವೇಶ ಸಿಕ್ಕಿತು. ಆಕೆಯ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಇನ್ನೊಬ್ಬರು ನಮ್ಮ ಬಂಗಾಳದ ಸೋದರಿ ರುಕಯ್ಯಾ ಸಖಾವತ್ ಹುಸೈನ್. ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ, 1905ರಲ್ಲಿ, 'ಸುಲ್ತಾನಾಳ ಕನಸು' ಎಂಬ ಕಥೆ ಬರೆದರು. ಅದರಲ್ಲಿ ವಿಶ್ವವಿದ್ಯಾಲಯದ ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ಬಳಸುತ್ತಾರೆ. ಜನ ಅದನ್ನು ಕನಸೆಂದೇ ಓದಿದರು. ಇಂದು ನಮ್ಮ ಪಾವಗಡದಲ್ಲಿ ಸಾವಿರಾರು ಎಕರೆಯಲ್ಲಿ ಸೌರಫಲಕಗಳು ವಿದ್ಯುತ್ ತಯಾರಿಸುತ್ತಿವೆ. ಕನಸು ಕಂಡವಳು ಹೆಣ್ಣು. ಆ ಫಲಕಗಳನ್ನು ಮುಂದೆ ಇನ್ನಷ್ಟು ಅಗ್ಗ, ಇನ್ನಷ್ಟು ಗಟ್ಟಿ ಮಾಡುವವಳು ನಮ್ಮ ಮನೆಯವಳೇ ಯಾಕಾಗಬಾರದು?

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳದಿದ್ದರೆ ಅದು ಪ್ರಾಮಾಣಿಕತೆಯಾಗದು. ನಾನು ಈಗ ಒಂದು ಶಾಲೆಯ ಶಿಕ್ಷಕಿ. ಎರಡು ವರ್ಷಗಳ ಹಿಂದೆ ನಮ್ಮ ಶಾಲೆಗೆ ವಿಜ್ಞಾನದ ಸಾಮಗ್ರಿಗಳ ಒಂದು ಪೆಟ್ಟಿಗೆ ಬಂತು. ಜವಾಬ್ದಾರಿ ನನಗೆ ವಹಿಸಿದರು. ನಾನು ಪಟ್ಟಿ ಮಾಡಿ, ಸಹಿ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮಕ್ಕಳು ಕೇಳಿದಾಗ "ಒಡೆದೀರಿ, ಬ್ಯಾಡ" ಎಂದೆ. ನನ್ನ ಸರ್ ಹೇಳಿದ ಅದೇ ಮಾತು! ಅಷ್ಟು ವರ್ಷ ಯಾರ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೆನೋ ಅವರ ಜಾಗದಲ್ಲಿ ನಾನೇ ನಿಂತಿದ್ದೆ. ಭಾವನ ಮಾತು ಕೇಳಿ ನಿದ್ದೆ ಬಾರದ ಆ ರಾತ್ರಿ ಈ ಕೀಲಿಕೈಯೇ ಕಣ್ಣೆದುರು ಬರುತ್ತಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರವೇ ಕಪಾಟು ತೆರೆದೆ. ಮನೆಯಿಂದ ಒಂದು ಈರುಳ್ಳಿ ಒಯ್ದಿದ್ದೆ. ವಿಜ್ಞಾನದ ಮೇಡಂ ಹೇಳಿಕೊಟ್ಟಂತೆ ತೆಳ್ಳಗಿನ ಪೊರೆ ಬಿಡಿಸಿ ಗಾಜಿನ ಪಟ್ಟಿಯ ಮೇಲಿಟ್ಟೆವು. ಮಕ್ಕಳು ಒಬ್ಬೊಬ್ಬರಾಗಿ ನೋಡಿದರು. "ಟೀಚರ್, ಇಟ್ಟಂಗಿ ಗ್ವಾಡಿ ಇದ್ದಂಗ ಐತ್ರಿ!" ಎಂದು ಒಂದು ಹುಡುಗಿ ಕೂಗಿದಳು. ಎಲ್ಲರದ್ದೂ ಮುಗಿದ ಮೇಲೆ ನಾನೂ ಕಣ್ಣು ಹಚ್ಚಿದೆ. ನಲವತ್ತೈದನೇ ವಯಸ್ಸಿನಲ್ಲಿ, ಮೊದಲ ಸಲ. ಆ ದಿನ ಎರಡು ಗಾಜಿನ ಪಟ್ಟಿಗಳು ಒಡೆದವು. ದಾಖಲೆ ಪುಸ್ತಕದಲ್ಲಿ "ಪಾಠದ ಸಮಯದಲ್ಲಿ ಒಡೆದಿದೆ" ಎಂದು ಬರೆದು ಸಹಿ ಹಾಕಿದೆ. ಯಾರೂ ನನ್ನ ಸಂಬಳ ಹಿಡಿಯಲಿಲ್ಲ.

ಭಾವನಿಗೆ ನಾನು ಉತ್ತರ ಕೊಡಬೇಕಾಗಲಿಲ್ಲ. ಅತ್ತೆಯವರೇ ಕೊಟ್ಟರು. ಓದು ಬರಹ ಬಾರದ ಅವರು ಮಗನಿಗೆ ಹೇಳಿದ್ದಿಷ್ಟೇ: "ನನ್ನ ಕಣ್ಣಿನ ಪೊರಿ ತಗದಾಕಿ ಒಬ್ಬ ಡಾಕ್ಟರಮ್ಮ. ಆಕಿ ಅಪ್ಪನೂ ಲ್ಯಾಬ್ ಬ್ಯಾಡ ಅಂದಿದ್ರ ನಾ ಇವತ್ತು ನಿನ್ನ ಮುಖ ನೋಡತಿದ್ದಿಲ್ಲಪ್ಪಾ." ಭಾವ ಸುಮ್ಮನಾದರು. ಸ್ವಲ್ಪ ಹೊತ್ತಿನ ನಂತರ, "ಊರಾಗ ಕಾಲೇಜು ಐತೆಲ್ಲ, ಅಲ್ಲಿ ನೋಡ್ರಿ ಹಂಗಾರ" ಎಂದರು. ನನ್ನ ಯಜಮಾನರು ಮಗಳನ್ನು ನೋಡಿ ನಕ್ಕರು.

ಸೀಟು ಆಯ್ಕೆಯ ಪಟ್ಟಿಯಲ್ಲಿ ಅವಳು ಮೊದಲ ಹೆಸರು ನಮ್ಮೂರಿನ ಸರ್ಕಾರಿ ಕಾಲೇಜಿನದ್ದೇ ತುಂಬಿದ್ದಾಳೆ. ಸಿಗುತ್ತದೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ಸಿಗದಿದ್ದರೆ ಕೊಪ್ಪಳದಲ್ಲೋ ಗದಗಿನಲ್ಲೋ ಬಿಎಸ್ಸಿ ಓದುತ್ತಾಳೆ. ಬಿಎ ಓದುವುದು ಕೀಳೆಂದು ಇದರ ಅರ್ಥವಲ್ಲ. ಇಷ್ಟಪಟ್ಟು ಓದುವವರಿಗೆ ಅದೂ ದೊಡ್ಡ ವಿದ್ಯೆ. ಲ್ಯಾಬ್ ಬೇಕಿಲ್ಲ ಎಂಬ ಕಾರಣಕ್ಕೆ ಓದುವುದು ಮಾತ್ರ ನನ್ನ ಜೊತೆಗೇ ನಿಲ್ಲಲಿ.

ದೇಶದ ನೂರು ರೂಪಾಯಿಯಲ್ಲಿ 64 ಪೈಸೆಯನ್ನು ಎರಡು ರೂಪಾಯಿ ಮಾಡುವ ಶಕ್ತಿ ನಮಗಿಲ್ಲ. ಅದನ್ನು ಮಾಡಬೇಕಾದವರನ್ನು ಕೇಳೋಣ. ಆದರೆ ನಮ್ಮ ಕೈಯಲ್ಲೂ ಕೆಲವು ಕೀಲಿಕೈಗಳಿವೆ ಸಹೋದರಿಯರೇ. ನಿಮ್ಮ ಮಗಳು ಹಾಳಾದ ರೇಡಿಯೋ ಬಿಚ್ಚಿದರೆ ಗದರಬೇಡಿ. ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕಗಳ ಜೊತೆಗೆ, ಪ್ರಯೋಗದ ಕಪಾಟು ಎಷ್ಟು ಸಲ ತೆರೆದಿರಿ ಎಂದೂ ಒಂದು ಮಾತು ಕೇಳಿ. ನಮ್ಮ ಶಾಲೆಗೆ ಬಂದರೆ ನನ್ನನ್ನೂ ಕೇಳಿ.